ಟ್ರೇಲ್ ಹಾಳಾಗಿದೆಯಾ? ಗುದ್ದಲಿ ಎತ್ತುವ ಮುಂಚೆ ಇದನ್ನು ನೋಡಿ

ಮೌಂಟನ್ ಬೈಕ್ ಟ್ರೇಲ್‌ನಲ್ಲಿ, ಅಂದರೆ ಗುಡ್ಡಗಾಡಿನ ಸೈಕಲ್ ದಾರಿಯಲ್ಲಿ, ಹೊಂಡ ಬಿದ್ದರೆ ನಾವೆಲ್ಲ ಮಾಡುವುದು ಒಂದೇ. ಬಾಂಡ್ಲಿಯಲ್ಲಿ ಮಣ್ಣು ತಂದು ಸುರಿಯುತ್ತೇವೆ, ನಾಲ್ಕು ಸಲ ತುಳಿಯುತ್ತೇವೆ, ಸೈಕಲ್ ಹತ್ತಿ ಹೋಗುತ್ತೇವೆ. ನಾನೂ ಒಂದೇ ಹೊಂಡಕ್ಕೆ ಮೂರು ಮಳೆಗಾಲ ಮಣ್ಣು ಹೊತ್ತಿದ್ದೇನೆ. ಪ್ರತಿ ಸಲವೂ ಮೊದಲ ಜೋರು ಮಳೆಗೆ ಅದು ಕೊಚ್ಚಿಕೊಂಡು ಹೋಯಿತು. ನಾಲ್ಕನೇ ವರ್ಷ ಮಳೆ ಸುರಿಯುವಾಗಲೇ ಹೋಗಿ ನಿಂತು ನೋಡಿದೆ. ನೀರು ಟ್ರೇಲ್‌ಗೆ ಇಳಿಯುತ್ತಿದ್ದದ್ದು ಹೊಂಡದ ಹತ್ತಿರ ಅಲ್ಲ, ಅದಕ್ಕಿಂತ ಸುಮಾರು 40 ಮೀಟರ್ ಮೇಲೆ. ಅಲ್ಲಿ ಅಂಚಿನ ಮಣ್ಣು ಕಡಿದು ನೀರಿಗೆ ಹೊರದಾರಿ ಮಾಡಿಕೊಟ್ಟೆ. ಆಮೇಲೆ ಆ ಹೊಂಡ ಮತ್ತೆ ಬೀಳಲಿಲ್ಲ.

ಟ್ರೇಲ್ ಕೆಟ್ಟಿರುವ ಜಾಗ ಬೇರೆ, ಕೆಡಿಸಿದ ಜಾಗ ಬೇರೆ. ಕೆಡಿಸಿದ ಜಾಗ ಹೆಚ್ಚಾಗಿ ಮೇಲಿರುತ್ತದೆ. ನೀರು ಮಾಡಿದ ಹಾನಿಗೂ ಇದು ನಿಜ, ಬ್ರೇಕ್ ಮಾಡಿದ ಹಾನಿಗೂ ನಿಜ. ಸವಾರಿಯಲ್ಲಿ ಮಜಾ ಇಲ್ಲದೆ ಹೋಗಿದ್ದರೂ ಕಾರಣ ಅಲ್ಲೇ ಸಿಗುತ್ತದೆ.

ಮೊದಲು ಒಂದು ಸುತ್ತು ನಡೆಯಿರಿ

ಜಾಗ ಯಾರದ್ದೋ ಅವರ ಅನುಮತಿ ಮೊದಲು. ಕಾಡಾಗಲಿ, ಖಾಸಗಿ ಜಮೀನಾಗಲಿ, ಒಂದು ಗುದ್ದಲಿ ಏಟು ಹಾಕುವುದಕ್ಕೂ ಅದು ಬೇಕು. ಕೇಳದೆ ಅಗೆದ ಒಂದು ತಿರುವಿನಿಂದ ಇಡೀ ಟ್ರೇಲ್ ಮುಚ್ಚಿಹೋಗಬಹುದು.

ಆಮೇಲೆ ಸೈಕಲ್ ಬಿಟ್ಟು ಟ್ರೇಲ್ ಪೂರ್ತಿ ನಡೆಯಿರಿ. ಒಮ್ಮೆ ಒಣಗಿರುವಾಗ, ಒಮ್ಮೆ ಮಳೆ ಬರುವಾಗ ಅಥವಾ ನಿಂತ ಕೂಡಲೇ. ಗುಡುಗು ಮಿಂಚು ಇದ್ದರೆ ಮಾತ್ರ ಬೇಡ. ನೀರು ಎಲ್ಲಿ ಟ್ರೇಲ್‌ಗೆ ಇಳಿಯುತ್ತದೆ, ಎಷ್ಟು ದೂರ ಅದರ ಮೇಲೇ ಹರಿಯುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಎಂದು ಫೋಟೊ ತೆಗೆದುಕೊಳ್ಳಿ. ಪ್ರತಿ ಫೋಟೊ ಎಲ್ಲಿ ನಿಂತು ತೆಗೆದದ್ದು ಎಂದು ಗುರುತು ಇರಲಿ, ಮುಂದೆ ಬೇಕಾಗುತ್ತದೆ.

ಕೆಟ್ಟ ಜಾಗದಲ್ಲಿ ಎರಡು ಅಳತೆ ತೆಗೆಯಿರಿ. ಟ್ರೇಲ್ ಎಷ್ಟು ಇಳಿಜಾರಾಗಿದೆ, ಅದು ಹಾದುಹೋಗುವ ಗುಡ್ಡದ ಮೈ ಎಷ್ಟು ಇಳಿಜಾರಾಗಿದೆ. ಫೋನಿನ ಲೆವೆಲ್ ಆ್ಯಪ್ ಸಾಕು. ಆದರೆ ಅದು ಡಿಗ್ರಿ ತೋರಿಸುತ್ತದೆ, ಟ್ರೇಲ್ ಕಟ್ಟುವವರು ಶೇಕಡಾದಲ್ಲಿ ಮಾತಾಡುತ್ತಾರೆ. 100 ಮೀಟರ್ ಅಡ್ಡಕ್ಕೆ ಹೋಗುವಾಗ 10 ಮೀಟರ್ ಇಳಿದರೆ ಶೇ 10. ಡಿಗ್ರಿಯಲ್ಲಿ ಅದು ಸುಮಾರು 6. 45 ಡಿಗ್ರಿ ಅಂದರೆ ಶೇ 100. ಇದನ್ನು ಕಲಸಿಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ನೀರು ನಿಲ್ಲುತ್ತದೆ, ಕೆಸರು ಆರುವುದೇ ಇಲ್ಲ

ನಿಂತ ನೀರಿನಿಂದ ಕೆಳಬದಿಗೆ ಹಿಮ್ಮಡಿಯಲ್ಲಿ ಒಂದು ಗೆರೆ ಗೀರಿ. ನೀರು ಸರಾಗವಾಗಿ ಹೊರಗೆ ಹರಿದರೆ ನಿಮ್ಮ ಕೆಲಸ ಸುಲಭ. ಟ್ರೇಲ್‌ನ ಹೊರ ಅಂಚಿನಲ್ಲಿ ಬದು ಬೆಳೆದಿದೆ, ಅಷ್ಟೇ. ಚಕ್ರಗಳು ನಡುವಿನ ಮಣ್ಣನ್ನು ಒತ್ತಿ ಅಂಚಿಗೆ ದೂಡುತ್ತವೆ. ವರ್ಷ ಕಳೆದಂತೆ ಅಲ್ಲಿ ಗದ್ದೆಯ ಬದುವಿನ ಹಾಗೆ ಸಣ್ಣ ಏರಿ ಏಳುತ್ತದೆ, ಟ್ರೇಲ್ ಕಾಲುವೆಯಾಗುತ್ತದೆ.

ಆ ಬದು ಕಡಿದು ತೆಗೆಯಿರಿ. ತೆಗೆದ ಮಣ್ಣನ್ನು ಅಲ್ಲೇ ಬಿಡಬೇಡಿ, ಕೆಳಬದಿಗೆ ದೂರ ಹರಡಿ. ಟ್ರೇಲ್ ಮೈ ಹೊರಗಡೆಗೆ ಸುಮಾರು ಶೇ 5ರಷ್ಟು ಓರೆಯಾಗಿರಲಿ. ಒಂದು ಮೀಟರ್ ಅಗಲಕ್ಕೆ 5 ಸೆಂಟಿಮೀಟರ್ ಇಳಿತ. ಸವಾರಿ ಮಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಅಷ್ಟಕ್ಕೂ ನೀರು ಹೋಗದಿದ್ದರೆ ನೀರು ನಿಲ್ಲುವ ಕಡೆ ಅರ್ಧಚಂದ್ರದ ಆಕಾರದಲ್ಲಿ, ಸುಮಾರು 3 ಮೀಟರ್ ಉದ್ದಕ್ಕೆ, ಮೈಯನ್ನು ಹೊರಗಡೆಗೆ ಶೇ 15ರಷ್ಟು ಓರೆ ಕೆತ್ತಿ. ಇದಕ್ಕೆ ನಿಕ್ ಎನ್ನುತ್ತಾರೆ. ಅಂಚುಗಳು ನಯವಾಗಿ ಬೆರೆಯಬೇಕು, ಚಕ್ರ ಎಡವಬಾರದು.

ಗೆರೆ ಗೀರಿದರೂ ನೀರು ಕದಲಲಿಲ್ಲವಾ? ಸುತ್ತ ಎಲ್ಲೂ ತಗ್ಗು ಜಾಗ ಇಲ್ಲ ಎಂದರ್ಥ. ಸಮತಟ್ಟು ನೆಲದ ಮೇಲಿನ ಟ್ರೇಲ್‌ನ ಕಷ್ಟ ಇದು. ಚಿಕ್ಕ ಜಾಗವಾದರೆ ಕಲ್ಲು ಹಾಸಿ ಎತ್ತರಿಸಬಹುದು. ಉದ್ದವಾಗಿದ್ದರೆ ದಾರಿಯನ್ನು ಪಕ್ಕದ ಇಳಿಜಾರಿಗೆ ಸರಿಸುವುದೇ ವಾಸಿ. ಕೆಸರಿಗೆ ಸೊಪ್ಪು, ರೆಂಬೆ ತುಂಬಬೇಡಿ. ಅವು ಕೊಳೆತು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತವೆ.

ಒದ್ದೆ ಇರುವಾಗ ನೋಡಬಹುದು, ಗುರುತು ಹಾಕಬಹುದು. ಅಗೆಯುವುದು ಬೇಡ.

ನಡುವೆ ಕೊರಕಲು ಬಿದ್ದಿದೆ, ಸಡಿಲ ಕಲ್ಲು ಉಳಿದಿದೆ

ಕೊರಕಲಿನ ಜೊತೆ ಮೇಲಕ್ಕೆ ನಡೆಯಿರಿ. ಅದು ಸಣ್ಣದಾಗುತ್ತಾ ಒಂದು ಕಡೆ ಮಾಯವಾಗುತ್ತದೆ. ನೀರು ಒಳಗೆ ಬರುತ್ತಿರುವುದು ಅಲ್ಲೇ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ಹಳೇ ಕಾಲುದಾರಿ ಬಂದು ಸೇರಿರಬಹುದು, ಚರಂಡಿ ತುಂಬಿರಬಹುದು, ತಿರುವಿನ ಒಳಬದಿಯಿಂದ ನೀರು ಸೋರಿರಬಹುದು. ಅದನ್ನು ಸರಿಪಡಿಸುವುದು ಅರ್ಧ ದಿನದ ಕೆಲಸ. ಮೊದಲು ಅದನ್ನು ಮಾಡಿ.

ಆಮೇಲೆ ನೀವು ತೆಗೆದ ಎರಡು ಅಳತೆ ನೋಡಿ. ಟ್ರೇಲ್‌ನ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಗುಡ್ಡ ಶೇ 20 ಇದ್ದರೆ ಟ್ರೇಲ್ ಶೇ 10ರ ಒಳಗೆ. 1988ರಲ್ಲಿ ಅಮೆರಿಕದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್, ಅಂದರೆ ಇಂಬಾ, ಈ ಅರ್ಧದ ನಿಯಮವನ್ನು ಟ್ರೇಲ್ ಕಟ್ಟುವವರಿಗೆಲ್ಲ ಮುಟ್ಟಿಸಿತು. ಇದರ ಹಿಂದಿನ ಕಾರಣ ಸರಳ. ನೀರು ಯಾವಾಗಲೂ ಅತಿ ಕಡಿದಾದ ದಾರಿ ಹುಡುಕುತ್ತದೆ. ಟ್ರೇಲ್ ಗುಡ್ಡದ ಮೈಗೆ ಅಡ್ಡವಾಗಿದ್ದರೆ ನೀರು ಅದನ್ನು ದಾಟಿ ಕೆಳಗೆ ಹೋಗುತ್ತದೆ. ಟ್ರೇಲ್ ನೆಟ್ಟಗೆ ಕೆಳಕ್ಕೆ ಇಳಿದರೆ ಟ್ರೇಲೇ ಅತಿ ಕಡಿದಾದ ದಾರಿ, ನೀರು ಯಾಕೆ ಬಿಟ್ಟು ಹೋಗುತ್ತದೆ?

ಈ ನಿಯಮದ ಒಳಗಿದ್ದೂ ಕೊರಕಲು ಬಿದ್ದಿದ್ದರೆ, ನೀರು ಟ್ರೇಲ್ ಮೇಲೆ ತುಂಬಾ ದೂರ ಹರಿಯುತ್ತಿದೆ. ಅದನ್ನು ಆಗಾಗ ಹೊರಗೆ ಕಳಿಸಬೇಕು. ಇಳಿಯುವ ಟ್ರೇಲ್ ಒಂದೆರಡು ಮೀಟರ್ ತುಸು ಏರಿ ಮತ್ತೆ ಇಳಿಯುವ ಹಾಗೆ ಮಾಡಿ. ಇದೇ ಗ್ರೇಡ್ ರಿವರ್ಸಲ್. ನೀರು ಏರಲಾರದು, ತಗ್ಗಿನಲ್ಲಿ ಬದಿಗೆ ಹೊರಳಿ ಹೋಗುತ್ತದೆ. ಹಳೇ ಟ್ರೇಲ್‌ನಲ್ಲಿ ಇದನ್ನು ಹೊಸದಾಗಿ ಮಾಡುವುದಾದರೆ ತಗ್ಗಿನಲ್ಲಿ ನಿಕ್ ಕೆತ್ತಿ, ಸಿಕ್ಕ ಮಣ್ಣನ್ನು ಅದರ ಕೆಳಗೆ 3ರಿಂದ 6 ಮೀಟರ್ ಉದ್ದದ ಸೌಮ್ಯ ದಿಬ್ಬವಾಗಿ ಕಟ್ಟಿ, ದಮ್ಮಸು ಮಾಡಿ. ಮಣ್ಣು, ಮಳೆ, ಇಳಿಜಾರು ನೋಡಿಕೊಂಡು ಇಂಥದ್ದು 6ರಿಂದ 15 ಮೀಟರಿಗೊಂದು ಇರಲಿ.

ಅಡ್ಡಕ್ಕೆ ಮರದ ದಿಮ್ಮಿ ಹೂತು ನೀರು ತಿರುಗಿಸುವ ಪದ್ಧತಿ ಬಹಳ ಕಡೆ ಇದೆ. ಸೈಕಲ್ ಟ್ರೇಲ್‌ನಲ್ಲಿ ನಾನು ಅದನ್ನು ಹಾಕುವುದಿಲ್ಲ. ಹಿಂದೆ ಹೂಳು ತುಂಬಿದ ಮೇಲೆ ನೀರು ದಿಮ್ಮಿಯ ಮೇಲಿಂದಲೇ ಹರಿಯುತ್ತದೆ. ಒದ್ದೆ ದಿಮ್ಮಿಯನ್ನು ಓರೆಯಾಗಿ ದಾಟುವ ಚಕ್ರ ಜಾರುತ್ತದೆ. ಹೆದರಿದವರು ಪಕ್ಕದಲ್ಲಿ ಹೊಸ ದಾರಿ ಮಾಡಿಕೊಳ್ಳುತ್ತಾರೆ.

ಅರ್ಧದ ನಿಯಮ ಮೀರಿದ್ದರೆ? ಒಂದೆರಡು ಮೀಟರ್ ಆದರೆ ದೊಡ್ಡ ಕಲ್ಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಹಾಸಬಹುದು. ಸವಾರರಿಗೂ ಅದೊಂದು ಒಳ್ಳೆಯ ಸವಾಲು. ಉದ್ದಕ್ಕೂ ಹಾಗೇ ಇದ್ದರೆ ಸುಮ್ನೆ ಮಣ್ಣು ಹೊರಬೇಡಿ. ಆ ತುಂಡನ್ನು ಬಿಟ್ಟು ಗುಡ್ಡಕ್ಕೆ ಅಡ್ಡವಾಗಿ ಹೊಸ ದಾರಿ ತೆಗೆಯಬೇಕು. ಒಟ್ಟಾರೆ ಸರಾಸರಿ ಶೇ 10ರ ಹತ್ತಿರ ಇದ್ದರೆ ಹೆಚ್ಚಿನ ಮಣ್ಣು ತಡೆದುಕೊಳ್ಳುತ್ತದೆ. ಹೊಸ ದಾರಿಯ ಪೂರ್ತಿ ಅಗಲ ಗುಡ್ಡದ ಗಟ್ಟಿ ಮೈಯಲ್ಲೇ ಇರಲಿ. ಒಳಗಡೆ ಅರ್ಧ ಕಡಿದು ಹೊರಗಡೆ ಅರ್ಧ ಮಣ್ಣು ತುಂಬಿ ಅಗಲ ಮಾಡಿದರೆ, ತುಂಬಿದ ಭಾಗ ಒಂದಲ್ಲ ಒಂದು ದಿನ ಜಾರುತ್ತದೆ.

ಬಿಟ್ಟ ಹಳೇ ದಾರಿಯನ್ನು ಹಾಗೇ ಬಿಟ್ಟರೆ ನೀರೂ ಬಿಡುವುದಿಲ್ಲ, ಜನರೂ ಬಿಡುವುದಿಲ್ಲ. ಗಟ್ಟಿಯಾದ ಮಣ್ಣು ಕೆದಕಿ. ಅಲ್ಲಲ್ಲಿ ಅಡ್ಡ ಕಲ್ಲು, ದಿಮ್ಮಿ ಇಟ್ಟು ಹೂಳು ತಡೆಯಿರಿ, ಅಲ್ಲಿನದೇ ಗಿಡ ನೆಡಿ. ಮೇಲಿನ ಮತ್ತು ಕೆಳಗಿನ ಬಾಯಿ ಕಣ್ಣಿಗೇ ಬೀಳದ ಹಾಗೆ ಒಣ ರೆಂಬೆಗಳನ್ನು ನೆಟ್ಟಗೆ ಹುಗಿದು ಮುಚ್ಚಿ.

ತಿರುವಿಗೆ ಮುಂಚೆ ಸಾಲು ಉಬ್ಬು, ಹ್ಯಾಂಡಲ್ ಹಿಡಿದ ಕೈ ನಡುಗುತ್ತದೆ

ಇವು ಬ್ರೇಕ್ ಬಂಪ್. ಬ್ರೇಕ್ ಹಿಡಿದ ಚಕ್ರ ಸಣ್ಣ ಕಲ್ಲೊಂದರ ಮೇಲೆ ಎಗರುತ್ತದೆ. ಕೆಳಗೆ ಬಿದ್ದಾಗ ನೆಲ ಗೀರಿ ಮಣ್ಣನ್ನು ಮುಂದೆ ತಳ್ಳುತ್ತದೆ. ಆ ಗುಪ್ಪೆ ಮುಂದಿನ ಚಕ್ರವನ್ನು ಎಗರಿಸುತ್ತದೆ. ಒಂದು ಉಬ್ಬು ಹತ್ತಾಗುವುದು ಹೀಗೆ.

ಉಬ್ಬು ಮಟ್ಟ ಮಾಡುವುದು ಕೊನೆಯ ಕೆಲಸ. ಮೊದಲು ಟ್ರೇಲ್‌ನಿಂದ ದೂರ, ಸುರಕ್ಷಿತ ಜಾಗದಲ್ಲಿ ಕೂತು ಕೇಳಿ. ಸವಾರರು ಎಲ್ಲಿಂದ ಬ್ರೇಕ್ ಹಿಡಿಯಲು ಶುರು ಮಾಡುತ್ತಾರೆ? ಅಲ್ಲೊಂದು ಗುರುತು ಇಡಿ. ಆ ಜಾಗದಿಂದ ತಿರುವು ಕಾಣುತ್ತದಾ? ಕಾಣದಿದ್ದರೆ ಎಲ್ಲರೂ ಕೊನೇ ಗಳಿಗೆಯಲ್ಲಿ ಗಾಬರಿಯಿಂದ ಹಿಡಿಯುತ್ತಾರೆ. ಅಡ್ಡ ಬಂದ ರೆಂಬೆ ಸವರಿದರೆ ಅರ್ಧ ತೊಂದರೆ ಹೋಗಬಹುದು. ಇದಕ್ಕಿಂತ ಸುಲಭದ ಪರಿಹಾರ ಇನ್ನೊಂದಿಲ್ಲ.

ಕಾಣುತ್ತದೆ, ಆದರೂ ಉಬ್ಬು ಬೀಳುತ್ತದೆ ಎಂದರೆ ವೇಗ ತಿರುವಿಗೆ ಜಾಸ್ತಿಯಾಗಿದೆ. ಸಾಮಾನ್ಯವಾಗಿ ಮೇಲೆ ನೇರವಾದ ಕಡಿದಾದ ಇಳಿಜಾರು, ಕೊನೆಯಲ್ಲಿ ಇಕ್ಕಟ್ಟಾದ ತಿರುವು ಇರುತ್ತದೆ. ವೇಗ ಎರಡರಷ್ಟಾದರೆ ಚಲನೆಯ ಶಕ್ತಿ ನಾಲ್ಕರಷ್ಟಾಗುತ್ತದೆ. ಅದನ್ನೆಲ್ಲ ಬ್ರೇಕ್ ಮತ್ತು ಮಣ್ಣು ಸೇರಿ ತಿನ್ನಬೇಕು. ಆದ್ದರಿಂದ ಒಳಬರುವ ವೇಗ ಸ್ವಲ್ಪ ಇಳಿದರೂ ಹಾನಿ ಬಹಳ ಇಳಿಯುತ್ತದೆ.

ವೇಗ ಇಳಿಸುವ ಅತ್ಯುತ್ತಮ ದಾರಿ ತಿರುವಿನ ಮುಂಚೆ ಒಂದು ಏರು. ಹೌದು, ಅದೇ ಗ್ರೇಡ್ ರಿವರ್ಸಲ್. ನೀರನ್ನು ಹೊರಗೆ ಕಳಿಸಿದ ದಿಬ್ಬವೇ ಇಲ್ಲಿ ಬ್ರೇಕ್ ಮುಟ್ಟದೆ ವೇಗ ಇಳಿಸುತ್ತದೆ. ಸವಾರರಿಗೆ ಅದು ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂಥ ಒಂದು ಕ್ಷಣ ಕೊಡುತ್ತದೆ. ಟ್ರೇಲ್ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು. ಬಾಳಿಕೆಗೆ ಒಂದು, ಮಜಾಕ್ಕೆ ಒಂದು ಎಂದು ಬೇರೆ ಬೇರೆ ಕೆಲಸ ಮಾಡಬೇಕಾಗಿಲ್ಲ. ಏರು ಮಾಡಲು ಜಾಗ ಇಲ್ಲದಿದ್ದರೆ ಮೇಲಿನ ನೇರ ತುಂಡಿನಲ್ಲಿ ಎರಡು ಸೌಮ್ಯ ಬಳುಕು ತನ್ನಿ, ಇಲ್ಲವೇ ತಿರುವನ್ನೇ ಹಿಗ್ಗಿಸಿ.

ಈಗ ಉಬ್ಬು ತೆಗೆಯಿರಿ. ತಗ್ಗುಗಳಿಗೆ ಮಾತ್ರ ಮಣ್ಣು ತುಂಬಿದರೆ ಅದು ಬಿಲ್ಲೆಯಂತೆ ಎದ್ದು ಬರುತ್ತದೆ. ಅತಿ ಆಳದ ತಗ್ಗಿಗಿಂತ ಕೆಳಗಿನವರೆಗೆ ಎಲ್ಲ ಅಗೆದು ಸಡಿಲ ಮಾಡಿ, ಹದವಾಗಿ ನೀರು ಚಿಮುಕಿಸಿ, ಒಟ್ಟಿಗೆ ದಮ್ಮಸು ಮಾಡಿ.

ಬರ್ಮ್ ಉದುರುತ್ತಿದೆ, ಅಥವಾ ಅದರಲ್ಲಿ ಹೋದರೆ ಹೊರಗೆ ಎಸೆದಂತಾಗುತ್ತದೆ

ತಿರುವಿನ ಹೊರ ಅಂಚಿನಲ್ಲಿ ಒಳಕ್ಕೆ ಓರೆಯಾಗಿ ಕಟ್ಟಿದ ಮಣ್ಣಿನ ದಂಡೆಯೇ ಬರ್ಮ್. ಚಕ್ರದ ಗುರುತು ನೋಡಿ. ಎಲ್ಲ ಗುರುತೂ ಬರ್ಮ್‌ನ ತುದಿಯಲ್ಲಿದ್ದರೆ ಅದು ವೇಗಕ್ಕೆ ಸಾಲದಷ್ಟು ಚಪ್ಪಟೆ ಅಥವಾ ಗಿಡ್ಡ. ಎಲ್ಲವೂ ಒಳಗಿನ ಬುಡದಲ್ಲಿದ್ದರೆ ಅಲ್ಲಿ ಬರ್ಮ್ ಬೇಕಾಗೇ ಇರಲಿಲ್ಲ. ಒಂದು ಲೆಕ್ಕ ಹೇಳುತ್ತೇನೆ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ದೇಹ ಮತ್ತು ಸೈಕಲ್ ಸೇರಿ ಸುಮಾರು 32 ಡಿಗ್ರಿ ವಾಲುತ್ತವೆ. 30 ಕಿ.ಮೀ. ವೇಗಕ್ಕೆ ಅದು 55 ಡಿಗ್ರಿ ಹತ್ತಿರ ಹೋಗುತ್ತದೆ. ಬರ್ಮ್‌ನ ಓರೆ ಆ ವಾಲುವಿಕೆಗೆ ಹತ್ತಿರ ಇದ್ದರೆ ಟೈರ್ ನೆಲಕ್ಕೆ ನೇರವಾಗಿ ಒತ್ತುತ್ತದೆ, ಮಣ್ಣು ಬದಿಗೆ ಹಾರುವುದಿಲ್ಲ.

ಆಕಾರ ಸರಿ ಇದ್ದೂ ಉದುರುತ್ತಿದ್ದರೆ ಮಣ್ಣು ನೋಡಿ. ಮೇಲ್ಪದರದ ತರಗೆಲೆ ಬೆರೆತ ಕಪ್ಪು ಮಣ್ಣು ಗಿಡಕ್ಕೆ ಒಳ್ಳೆಯದು, ಬರ್ಮ್‌ಗೆ ಅಲ್ಲ. ಅದನ್ನು ಸರಿಸಿ ಕೆಳಗಿನ ಖನಿಜ ಮಣ್ಣು ಬಳಸಿ. ಹದವಾಗಿ ಒದ್ದೆ ಮಾಡಿ ಹೆಬ್ಬೆರಳು, ತೋರುಬೆರಳ ನಡುವೆ ಪಟ್ಟಿಯ ಹಾಗೆ ಒತ್ತುತ್ತಾ ಹೋಗಿ. ಪಟ್ಟಿ 5 ಸೆಂಟಿಮೀಟರ್‌ಗಿಂತ ಉದ್ದ ಬಂದರೆ ಜೇಡಿ ಜಾಸ್ತಿ. ಗಟ್ಟಿ ನಿಲ್ಲುತ್ತದೆ, ಆದರೆ ಒದ್ದೆಯಾದಾಗ ಜಾರುತ್ತದೆ. ಪಟ್ಟಿಯೇ ಆಗದಿದ್ದರೆ ಮರಳು ಜಾಸ್ತಿ, ಉದುರುತ್ತದೆ. ಎರಡನ್ನೂ ಬೆರೆಸಬಹುದು. ತೇವ ಸರಿ ಇದೆಯಾ ಎಂದು ತಿಳಿಯಲು ಮುಷ್ಟಿಯಲ್ಲಿ ಹಿಸುಕಿ. ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. 10ರಿಂದ 15 ಸೆಂಟಿಮೀಟರ್ ಪದರ ಹಾಕಿ ಒಂದೊಂದನ್ನೂ ದಮ್ಮಸು ಮಾಡುತ್ತಾ ಮೇಲೇರಿ. ಒಂದೇ ಸಲ ಗುಡ್ಡೆ ಹಾಕಿ ಮೇಲೆ ಬಡಿದರೆ ಒಳಗೆ ಟೊಳ್ಳು ಉಳಿಯುತ್ತದೆ.

ಬರ್ಮ್ ನೀರನ್ನು ತಡೆಯುವ ಗೋಡೆ ಎಂಬುದು ನೆನಪಿರಲಿ. ಅದರ ಮುಂಚೆ ಮತ್ತು ನಂತರ ನೀರಿಗೆ ಹೊರದಾರಿ ಇಲ್ಲದಿದ್ದರೆ ಬುಡದಲ್ಲಿ ಕೆರೆಯಾಗುತ್ತದೆ.

ಟ್ರೇಲ್ ಅಗಲವಾಗುತ್ತಿದೆ, ಅಡ್ಡದಾರಿ ಹುಟ್ಟಿವೆ

ಜನರನ್ನು ಬೈಯುವ ಮುಂಚೆ ಅವರು ಏನನ್ನು ತಪ್ಪಿಸಿಕೊಂಡು ಹೋಗುತ್ತಿದ್ದಾರೆ ನೋಡಿ. ಕೆಸರು, ಉಬ್ಬು, ಇಲ್ಲವೇ ಅಳತೆ ಮೀರಿದ ಕಲ್ಲು. ಅದನ್ನು ಸರಿಪಡಿಸದೆ ಪಕ್ಕಕ್ಕೆ ರೆಂಬೆ ಅಡ್ಡ ಇಟ್ಟರೆ ಅದನ್ನೂ ಸುತ್ತಿ ಹೋಗುತ್ತಾರೆ. ನಡುದಾರಿ ಎಲ್ಲಕ್ಕಿಂತ ಹಿತವಾಗಿರಬೇಕು. ಆಮೇಲೆ ಎರಡೂ ಬದಿಯಲ್ಲಿ ಅರ್ಧ ಹೂತ ಕಲ್ಲು ಇಟ್ಟು ಇಕ್ಕಟ್ಟು ಮಾಡಿ. ತಿರುವಿನ ಒಳಗಿಂದ ಕೆಳಗಿನ ದಾರಿ ಕಾಣುತ್ತಿದ್ದರೆ ಅಡ್ಡ ಹಾಯುವವರು ಇದ್ದೇ ಇರುತ್ತಾರೆ. ಅಲ್ಲಿ ಪೊದೆ ಬೆಳೆಸಿ ಮರೆಮಾಡಿ.

ಬೇರುಗಳು ಮೇಲೆದ್ದಿದ್ದರೆ ಬೇರು ಬೆಳೆದಿಲ್ಲ, ಮಣ್ಣು ಹೋಗಿದೆ. ಕಡಿಯಬೇಡಿ. ಮಣ್ಣು ಹೋದ ಕಾರಣ ನಿಲ್ಲಿಸಿ, ಬೇರುಗಳ ನಡುವೆ ಸಣ್ಣ ಕಲ್ಲು ಮತ್ತು ಮಣ್ಣು ತುಂಬಿ.

ಏನೂ ಕೆಟ್ಟಿಲ್ಲ, ಆದರೆ ಮಜಾ ಇಲ್ಲ

ಇದೂ ದೋಷವೇ. ಬೇಸರ ಬಂದವರು ತಾವೇ ಹೊಸ ದಾರಿ ಹುಡುಕುತ್ತಾರೆ.

ನಿಧಾನವಾಗಿ ಒಮ್ಮೆ ಸವಾರಿ ಮಾಡಿ, ಎಲ್ಲಿ ತುಳಿದಿರಿ, ಎಲ್ಲಿ ಬ್ರೇಕ್ ಹಿಡಿದಿರಿ ಎಂದು ಬರೆದುಕೊಳ್ಳಿ. ನಿಮಗಿಂತ ಹೊಸಬರೊಬ್ಬರಿಂದಲೂ ಮಾಡಿಸಿ. ತುಳಿ, ಹಿಡಿ, ತುಳಿ, ಹಿಡಿ ಎಂದು ಹತ್ತಿರ ಹತ್ತಿರ ಬಂದರೆ ಟ್ರೇಲ್ ಕೊಟ್ಟ ವೇಗವನ್ನು ಟ್ರೇಲೇ ಕಸಿದುಕೊಳ್ಳುತ್ತಿದೆ. ವೇಗದ ತುಂಡಿನಿಂದ ಇಕ್ಕಟ್ಟಿನ ತುಂಡಿಗೆ ಹೋಗುವಾಗ ನಡುವೆ ಒಂದು ಏರು ಅಥವಾ ಅಗಲವಾದ ತಿರುವು ಇರಲಿ.

ಬ್ರೇಕೂ ಇಲ್ಲ, ಏನೂ ಇಲ್ಲ, ಬರೀ ನೇರ ದಾರಿ ಎಂದಾದರೆ ಉದ್ದಕ್ಕೂ ಸಣ್ಣ ಉಬ್ಬುತಗ್ಗು ಕಟ್ಟಬಹುದು. ಎತ್ತರ ಒಂದಾದರೆ ನಡುವಿನ ಅಂತರ ಹತ್ತು. 30 ಸೆಂಟಿಮೀಟರ್ ಎತ್ತರಕ್ಕೆ 3 ಮೀಟರ್. ಸೈಕಲ್‌ನ ಎರಡು ಚಕ್ರಗಳ ನಡುವೆ ಸುಮಾರು 1.2 ಮೀಟರ್ ಇರುವುದರಿಂದ ತುಂಬಾ ಹತ್ತಿರ ಕಟ್ಟಿದ ಉಬ್ಬು ಬರೀ ಕುಲುಕುತ್ತದೆ. ದೊಡ್ಡ ಬಂಡೆ, ಒಳ್ಳೆಯ ಮರ, ನೋಟ ಇದ್ದರೆ ಟ್ರೇಲ್ ಅಲ್ಲಿಗೆ ಬಳುಕಿ ಹೋಗಲಿ.

ಕಲ್ಲುಗಳನ್ನೆಲ್ಲ ಕಿತ್ತು ನಯ ಮಾಡುವವರ ಜೊತೆ ನಾನು ಒಪ್ಪುವುದಿಲ್ಲ. ನಯವಾದಷ್ಟೂ ವೇಗ ಏರುತ್ತದೆ, ಬ್ರೇಕ್ ಬಂಪ್ ಹೆಚ್ಚುತ್ತದೆ, ಕಲಿಯುವುದು ಕಡಿಮೆಯಾಗುತ್ತದೆ. ಕಷ್ಟದ ಕಲ್ಲಿನ ಸಾಲು ಹಾಗೇ ಇರಲಿ, ಪಕ್ಕದಲ್ಲಿ ಸುಲಭದ ದಾರಿ ಕೊಡಿ. ಎರಡೂ ಮತ್ತೆ ಸೇರುವ ಕಡೆ ಒಬ್ಬರಿಗೊಬ್ಬರು ಕಾಣಬೇಕು. ಹಸಿರು ಎಂದು ಗುರುತು ಹಾಕಿದ ಸುಲಭದ ಟ್ರೇಲ್ ನಡುವೆ ಕಪ್ಪು, ಅಂದರೆ ಬಹಳ ಕಷ್ಟದ ದರ್ಜೆಯ ಇಳಿತ ಅವಿತಿರಬಾರದು. ಅತಿ ಕಷ್ಟದ್ದು ಟ್ರೇಲ್ ಶುರುವಿನಲ್ಲೇ ಇದ್ದರೆ ತಮಗೆ ಆಗದವರು ಅಲ್ಲೇ ಹಿಂದಿರುಗಬಹುದು.

ಎಲ್ಲಿ ಕೈ ನಿಲ್ಲಿಸಬೇಕು

ಟ್ರೇಲ್‌ಗೆ ಸಮಾನಾಂತರವಾಗಿ ಗುಡ್ಡದಲ್ಲಿ ಬಿರುಕು ಕಂಡರೆ, ಮರಗಳು ಇತ್ತೀಚೆಗೆ ವಾಲಿದ್ದರೆ, ಮಳೆ ಇಲ್ಲದೆಯೂ ಮಣ್ಣಿನಿಂದ ನೀರು ಜಿನುಗುತ್ತಿದ್ದರೆ ಅಗೆಯಬೇಡಿ. ಗುಡ್ಡ ಜಾರುವ ಸೂಚನೆ ಇರಬಹುದು. ಟ್ರೇಲ್ ಮುಚ್ಚಿ, ಜಾಗದವರಿಗೆ ತಿಳಿಸಿ, ಮಣ್ಣು ತಿಳಿದ ಎಂಜಿನಿಯರ್ ಕರೆಸಿ. ಹೊಳೆ ದಾಟುವ ಜಾಗ, ಮರದ ಸೇತುವೆ, ಎತ್ತರದ ರಚನೆಗಳಿಗೂ ಹಾಗೆಯೇ. ಕೇಬಲ್, ಪೈಪ್ ಹೂತಿರುವ ಅನುಮಾನ ಇದ್ದರೆ ಖಚಿತವಾಗುವವರೆಗೆ ಹಾರೆ ಹಾಕಬೇಡಿ. ಒಂದೇ ಕಡೆ ಎರಡು ಸಲ ಪೆಟ್ಟಾಗಿದ್ದರೆ ಆ ತುಂಡು ಮುಚ್ಚಿ, ಅನುಭವಿ ಟ್ರೇಲ್ ಬಿಲ್ಡರ್ ಒಬ್ಬರಿಗೆ ತೋರಿಸಿ.

ಕೆಲಸ ಮಾಡುವಾಗ ಒಬ್ಬರೇ ಇರಬೇಡಿ. ಉಪಕರಣ ಬೀಸುವವರ ನಡುವೆ 3 ಮೀಟರ್ ಅಂತರ, ಗಟ್ಟಿ ಬೂಟು, ಕೈಗವಸು, ಕಲ್ಲು ಒಡೆಯುವಾಗ ಕನ್ನಡಕ. ಬಂಡೆಯನ್ನು ಹಾರೆಯಿಂದ ಮೀಟಿ, ಬೆರಳು ಕೆಳಗೆ ತೂರಿಸಬೇಡಿ. ಕಲ್ಲಿನಡಿ ಹಾವು ಚೇಳು ಇರಬಹುದು. ಕಲ್ಲು ಉರುಳುವ ದಾರಿಯಲ್ಲಿ, ಕೆಳಗಿನ ಟ್ರೇಲ್‌ನಲ್ಲೂ, ಯಾರೂ ಇರಬಾರದು. ಎರಡೂ ಕಡೆ ಕಾಣುವ ಹಾಗೆ ಟೇಪ್ ಕಟ್ಟಿ.

ಸರಿಪಡಿಸಿದ ಮೇಲೆ

ಹೊಸ ಮಣ್ಣು ಕೂರುವವರೆಗೆ, ಸಾಧ್ಯವಾದರೆ ಒಂದು ಮಳೆ ಕಳೆಯುವವರೆಗೆ, ಆ ಭಾಗ ಮುಚ್ಚಿರಲಿ. ಮೊದಲು ನಡೆದು, ಆಮೇಲೆ ನಿಧಾನಕ್ಕೆ, ಆಮೇಲೆ ಮಾಮೂಲಿ ವೇಗದಲ್ಲಿ ಸವಾರಿ ಮಾಡಿ ನೋಡಿ. ಮಳೆಯ ಮಾರನೇ ದಿನ ಹಳೇ ಫೋಟೊ ತೆಗೆದ ಜಾಗಗಳಲ್ಲೇ ನಿಂತು ಮತ್ತೆ ಫೋಟೊ ತೆಗೆಯಿರಿ. ತಗ್ಗುಗಳಲ್ಲಿ ತರಗೆಲೆ ಕಸ ಟ್ರೇಲ್‌ನಿಂದ ಕೆಳಬದಿಗೆ ಹೊರಳಿ ನಿಂತಿದ್ದರೆ ನೀರು ಹೊರಗೆ ಹೋಗಿದೆ. ಕಸದ ಗೆರೆ ಟ್ರೇಲ್ ಉದ್ದಕ್ಕೆ ಸಾಗಿದ್ದರೆ, ಆ ಗೆರೆ ಹಿಡಿದು ಇನ್ನೊಮ್ಮೆ ಮೇಲಕ್ಕೆ ನಡೆಯಿರಿ.